ಗೇಟಿನ ಹೊರಗಿನ ಮಾಮಾ

ನಮ್ಮ ಮಾಮಾ ಇಲ್ಲದಿದ್ದರೆ ಈ ದೇಶದ ಗಡಿ ಇಷ್ಟೊತ್ತಿಗೆ ಸರಿಯುತ್ತ ಸರಿಯುತ್ತ ಕಾಗವಾಡದ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತಿತ್ತು! ಇದು ನನ್ನ ಮಾತಲ್ಲ, ಅವರದೇ. ಅವರು ಗಡಿಯನ್ನು ಕಣ್ಣಾರೆ ಕಂಡಿದ್ದು ಒಂದೇ ಸಲ, ಅದೂ ಮಂಜು ಕವಿದಿದ್ದರಿಂದ ಏನೂ ಕಾಣಿಸಲಿಲ್ಲವಂತೆ. ಕಾಣದಿದ್ದರೇನಾಯಿತು? "ನಾವು ಗಡಿಗೆ ಕಂಡಿದ್ವಿ ಇಲ್ಲೋ?" ಎನ್ನುತ್ತಾರೆ ಮಾಮಾ.

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ಶೇಡಬಾಳದಿಂದ ಕೃಷ್ಣಾ ಹೊಳೆಯ ಕಡೆಗೆ ಇಳಿದರೆ ಸಿಗುವ ಊರಲ್ಲಿ ಅವರ ಮನೆ. ಸ್ವಲ್ಪ ಕಬ್ಬು, ನಾಲ್ಕೈದು ಎಮ್ಮೆ, ಒಬ್ಬ ಮಾಮಿ. ಇದ್ದೊಬ್ಬ ಮಗಳನ್ನು ಅಥಣಿಗೆ ಕೊಟ್ಟಿದ್ದಾರೆ. ಇಷ್ಟು ಸಂಸಾರವನ್ನು ಸಂಭಾಳಿಸುವುದರ ಜೊತೆಗೆ ಅವರು ಸೈನ್ಯದ ಮೀಸಲು ಪಡೆಯಲ್ಲಿ ಹವಾಲ್ದಾರರು. ಮೀಸಲು ಪಡೆ ಎಂದರೆ, ಹೊಲ ಮನೆ ಅಂಗಡಿ ನೋಡಿಕೊಂಡಿರುವ ಜನ ವರ್ಷಕ್ಕೊಮ್ಮೆ ಹೋಗಿ ಡ್ರೆಸ್ ತೊಟ್ಟು, ಬಂದೂಕು ಹೊತ್ತು, ಕಾಲಾಳುಗಳಾಗಿ ಕವಾಯತು ಮಾಡಿ ಬರುತ್ತಾರೆ. ದೇಶಕ್ಕೆ ತುರ್ತು ಬಿದ್ದರೆ ಕರೆ ಬರುತ್ತದೆ, ಕುಡುಗೋಲು ಇಟ್ಟು ಓಡಬೇಕು. ನಾನು ಒಮ್ಮೆ, "ಅಂದ್ರ ಊಟದಾಗ ಉಪ್ಪಿನಕಾಯಿ ಇದ್ದಂಗ ಏನ್ರಿ ಮಾಮಾ? ಬೇಕಾದಾಗಷ್ಟ ನೆಕ್ಕೋದು?" ಎಂದು ಕೇಳಿಬಿಟ್ಟೆ.

ಮಾಮಾ ಕೆಂಗಣ್ಣು ಬಿಟ್ಟರು. "ಉಪ್ಪಿನಕಾಯಿ ಅಲ್ಲಲೇ, ಬೀಜದ ಕಾಳು! ರಾಶಿಯೊಳಗ ಚಲೋ ಇದ್ದದ್ದನ್ನ ಬ್ಯಾರೇ ತಗದು ಇಡ್ತಾರಲ್ಲ, ಅದು."

ಬೀಜದ ಕಾಳು ಮನೆಯಲ್ಲಿದ್ದಾಗ ಸುಮ್ಮನಿರುತ್ತಿತ್ತೇ? ಎಮ್ಮೆಗಳಿಗೆಲ್ಲ ಹುದ್ದೆ ಹಂಚಿದ್ದರು. ಹಿರಿಯ ಎಮ್ಮೆ ಸುಬೇದಾರ್. ಅದಕ್ಕಿಂತ ಕಿರಿಯದು ನಾಯಕ್. ಹೊಸದಾಗಿ ಹುಟ್ಟಿದ ಕರು ರಂಗರೂಟ್, ಅಂದರೆ ಈಗಷ್ಟೇ ಭರ್ತಿಯಾದ ಸಿಪಾಯಿ. ಬೆಳಿಗ್ಗೆ ಹೊಳೆಗೆ ಹೊಡೆಯುವಾಗ "ತೇಜ್ ಚಲ್" ಎಂದರೆ ಅವು ನಡೆಯುತ್ತಿದ್ದವು, "ಥಮ್" ಎಂದರೆ ನಿಲ್ಲುತ್ತಿದ್ದವು. ಸುಳ್ಳಲ್ಲ, ನಾನೇ ನೋಡಿದ್ದೇನೆ! ಒಂದು ಸಲ ಮೀರಜ್ ಕಡೆಯ ವ್ಯಾಪಾರಿಯೊಬ್ಬ ಮೋಟಾರ್ ಸೈಕಲ್ ಮೇಲೆ ಹಿಂದಿನಿಂದ ಬಂದು ಹಾರ್ನ್ ಮೇಲೆ ಹಾರ್ನ್ ಬಾರಿಸಿದ. ಎಮ್ಮೆಗಳು ಕದಲಲಿಲ್ಲ. "ಅಹೋ ಫೌಜಿ, ಮ್ಹಶಿ ಬಾಜೂಲಾ ಘ್ಯಾ ಕೀ!" ಎಂದು, ಎಮ್ಮೆ ಬದಿಗೆ ಸರಿಸಿರೆಂದು, ಮರಾಠಿಯಲ್ಲಿ ಕೂಗಿದ. ಮಾಮಾ ತಿರುಗಿ ನೋಡಿ ಗಂಭೀರವಾಗಿ, "ಆರ್ಡರ್ ಇಲ್ಲದ ಅವು ಸರಿಯಂಗಿಲ್ಲ" ಎಂದರು. ಆರ್ಡರ್ ಕೊಡಬೇಕಾದವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ!

ಮಾಮಿಯ ದೂರು ಬೇರೆ. "ಎಮ್ಮಿ ಅವರ ಮಾತ ಕೇಳತಾವ, ಖರೆ. ಅವರ ನನ್ನ ಮಾತ ಕೇಳಬೇಕಲ್ಲ?"

ಇಂಥ ಮಾಮಾನ ಮಾತು ನಂಬಿ ಮಂಗಸೂಳಿಯ ದ್ರಾಕ್ಷಿ ತೋಟ ಅಣ್ಣನ ಕೈಗೆ ಬಿಟ್ಟು ನಾನೂ ಅದೇ ಪಡೆಗೆ ಸೇರಿಕೊಂಡೆ. ಮೊದಲ ಸಲ ಇಬ್ಬರೂ ಬಸ್ಸಿನಲ್ಲಿ ಕೂಡಿಯೇ ಹೋದೆವು. ದಾರಿಯುದ್ದಕ್ಕೂ ಮಾಮಾ ಬಾಳೆಹಣ್ಣು ಸುಲಿದು ಕೊಟ್ಟಿದ್ದೇನು, ನನ್ನ ತಲೆ ತಮ್ಮ ಭುಜಕ್ಕೆ ಆನಿಸಿಕೊಂಡು ಮಲಗಿಸಿದ್ದೇನು! ಕ್ಯಾಂಪಿನ ಗೇಟು ದಾಟಿ, ಡ್ರೆಸ್ ಹಾಕಿಕೊಂಡು ಮೈದಾನಕ್ಕೆ ಬಂದ ಮೇಲೆ ನಾನು, "ಮಾಮಾ, ಒಂಚೂರು ನೀರಿನ ಬಾಟ್ಲಿ ಕೊಡ್ರಿ" ಎಂದೆ. ಅಷ್ಟೇ. ಬೆನ್ನಿಗೆ ಚೀಲ ಹೊರಿಸಿ ಇಡೀ ಮೈದಾನ ಓಡಿಸಿದರು. ಓಡಿ ಬಂದು ಏದುಸಿರು ಬಿಡುತ್ತ ನಿಂತರೆ ಅವರು ಹೇಳಿದ್ದಿಷ್ಟು:

"ಈ ಪಲ್ಟಣದಾಗ ಮಾಮಾ ಅನ್ನಾವ ಯಾರೂ ಇಲ್ಲ. ಅವ ಗೇಟಿನ ಹೊರಗ ಅದಾನ. ಭೆಟ್ಟಿ ಆದ್ರ ನೀ ಕೇಳಿದಿ ಅಂತ ಹೇಳತೇನಿ."

ಸಂಜೆ ಊಟದ ಸಾಲಿನಲ್ಲಿ ಯಾರೋ ನನ್ನ ಕೈಗೆ ಶೇಂಗಾ ಚಟ್ನಿಯ ಪೊಟ್ಟಣ ತುರುಕಿದರು. ತಿರುಗಿ ನೋಡಿದರೆ ಹವಾಲ್ದಾರ್ ಸಾಹೇಬರು! "ನಿಮ್ಮ ಮಾಮಾ ಕಳಿಸ್ಯಾನ. ಪಾಪ, ಬಾಳ ಅಂತಃಕರಣದ ಮನಶ್ಯಾ ಅಂವ" ಎಂದು ತಮ್ಮನ್ನು ತಾವೇ ಹೊಗಳಿಕೊಂಡು ಹೋದರು.

ನಾನು ಹೇಳಹೊರಟಿದ್ದು ಆಮೇಲಿನ ಒಂದು ವರ್ಷದ ಮಾತು. ಅಂಥ ವರ್ಷ ಯಾರ ಶತ್ರುವಿಗೂ ಬರಬಾರದು. ಬೇಸಿಗೆಯಲ್ಲಿ ಕ್ಯಾಂಪು ಬಿತ್ತು. ನೆಲ ಕಾದ ಹಂಚು, ನೀರಿನ ಟ್ಯಾಂಕರ್ ಬಂದರೆ ಬಂತು. ಊರಿನಿಂದ ಫೋನು ಬಂದರೆ ಅಲ್ಲೂ ಅದೇ ಸುದ್ದಿ: ಹೊಳೆ ಬತ್ತಿದೆ, ಪಾತ್ರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ನಮ್ಮಲ್ಲಿ ಬಹುತೇಕ ಎಲ್ಲರೂ ರೈತರೇ. ಕೈಯಲ್ಲಿ ಬಂದೂಕು, ಕಣ್ಣು ಮಾತ್ರ ಮೋಡದ ಮೇಲೆ. ಮಾಮಾ ಒಬ್ಬರೇ ಗಟ್ಟಿ. "ಮಳಿ ಎಲ್ಲಿ ಹೋಗತೈತಿ? ರಜಾದ ಮ್ಯಾಲ ಹೋಗೇತಿ. ಹಾಜರ ಆಗೇ ಆಗತೈತಿ" ಎನ್ನುತ್ತಿದ್ದರು.

ಆ ಕ್ಯಾಂಪಿನಲ್ಲೇ ನಕ್ಷೆ ನೋಡಿ ದಾರಿ ಹುಡುಕುವ ಪರೀಕ್ಷೆಯೊಂದು ನಡೆಯಿತು. ನಮ್ಮ ಕ್ಯಾಪ್ಟನ್ ಸಾಹೇಬರು ಉತ್ತರದ ಕಡೆಯವರು, ಎಳೆಯ ವಯಸ್ಸು, ಕನ್ನಡ ಬಾರದು. ಅವರು ನಕ್ಷೆ ಕೊಟ್ಟು, ಇಂಥ ಗುಡ್ಡ ದಾಟಿ ಇಂಥ ಕೆರೆಯ ಹತ್ತಿರ ಬನ್ನಿ ಎಂದರು. ಮಾಮಾ ನಕ್ಷೆಯನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಕೊನೆಗೆ ಮಡಚಿ ಜೇಬಿಗೆ ಹಾಕಿಕೊಂಡರು. "ನಂಗ ದಿಕ್ಕು ರಗತದಾಗ ಐತಿ, ನಡೀರಿ ನನ್ನ ಬೆನ್ನ ಹಿಂದ."

ನಡೆದೆವು. ನಡೆದೇ ನಡೆದೆವು! ಗುಡ್ಡವೂ ಇಲ್ಲ, ಕೆರೆಯೂ ಇಲ್ಲ. ರಕ್ತದಲ್ಲಿದ್ದ ದಿಕ್ಕು ನಮ್ಮನ್ನು ಸೀದಾ ಒಂದು ಮದುವೆಯ ಪೆಂಡಾಲಿಗೆ ಕರೆದೊಯ್ದಿತ್ತು. ಬಂದೂಕು ಹೊತ್ತ ಹತ್ತಾರು ಜನರನ್ನು ಕಂಡು ಮದುಮಗ ಮುಟ್ಟಿದರೆ ಬೀಳುವಂತಾದ. ಹೆಣ್ಣಿನ ತಂದೆ ಮಾತ್ರ ಧೈರ್ಯದವನು; ಕೈಮುಗಿದು ಬಂದು, "ಬರ್ರಿ, ಊಟಾ ಮಾಡ್ರಿ" ಎಂದ. ಮಾಮಾ ಹಿಂದೆ ಮುಂದೆ ನೋಡಲಿಲ್ಲ. ಗೋದಿ ಹುಗ್ಗಿಗೆ ತುಪ್ಪ ಸುರಿಸಿಕೊಂಡು ಉಂಡೆವು. ಮಧ್ಯಾಹ್ನ ಇಳಿದ ಮೇಲೆ ಕ್ಯಾಂಪಿಗೆ ಮರಳಿದಾಗ ಕ್ಯಾಪ್ಟನ್ ಸಾಹೇಬರು ಸಿಡಿಮಿಡಿಗೊಂಡು ನಿಂತಿದ್ದರು. ಮಾಮಾ ಕಾಲು ಅಪ್ಪಳಿಸಿ ಸಲ್ಯೂಟ್ ಹೊಡೆದರು. "ಸಾಬ್, ರಾಸ್ತಾ ಗಲತ್ ನಹೀ ಥಾ. ನಕ್ಷಾ ಗಲತ್ ಥಾ!"

ಸಾಹೇಬರು ಅವರ ಮೀಸೆಯ ಮೇಲಿದ್ದ ತುಪ್ಪವನ್ನು ನೋಡಿದರು. ಏನೋ ಹೇಳಲು ಹೋಗಿ, ಮುಖ ಆ ಕಡೆ ತಿರುಗಿಸಿ ನಕ್ಕುಬಿಟ್ಟರು.

ಮಳೆ ಕೊನೆಗೂ ಹಾಜರಾಯಿತು. ಆದರೆ ತಡವಾಗಿ ಬಂದವನು ಎಲ್ಲ ಕೆಲಸ ಒಂದೇ ದಿನ ಮುಗಿಸುತ್ತೇನೆಂದು ಹಟ ಹಿಡಿದರೆ ಹೇಗಿರುತ್ತದೆ? ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಹಗಲೂ ರಾತ್ರಿ ಸುರಿಯಿತು. ಅಲ್ಲಿಯ ಅಣೆಕಟ್ಟುಗಳ ಬಾಗಿಲು ತೆರೆದರು. ಕೃಷ್ಣೆ, ದೂಧಗಂಗೆ, ವೇದಗಂಗೆ ಒಬ್ಬರಿಗೊಬ್ಬರು ಮಾತಾಡಿಕೊಂಡವರಂತೆ ಒಟ್ಟಿಗೆ ಏರಿದವು. ಬಿತ್ತನೆಗೆ ಮನೆಗೆ ಹೋಗುತ್ತೇವೆಂದು ಪೆಟ್ಟಿಗೆ ಕಟ್ಟಿಕೊಂಡಿದ್ದ ನಮಗೆ ಹೊಸ ಹುಕುಂ ಬಂತು: ನೆರೆ ಬಂದ ಊರುಗಳಿಗೆ ಹೊರಡಿ.

ಯಾವ ಊರುಗಳಿಗೆ? ನಮ್ಮ ಊರುಗಳಿಗೇ!

ಟ್ರಕ್ಕುಗಳು ನಿಪ್ಪಾಣಿ ದಾಟಿ ಚಿಕ್ಕೋಡಿಯತ್ತ ಹೊರಳಿದವು. ಎಲ್ಲರ ಕೈಯಲ್ಲೂ ಫೋನು, ಆದರೆ ಯಾರಿಗೂ ಸಂಪರ್ಕ ಸಿಗುತ್ತಿಲ್ಲ. ರಾಯಬಾಗದ ಹುಡುಗನೊಬ್ಬ ಮೊಣಕಾಲ ನಡುವೆ ತಲೆ ಹುದುಗಿಸಿ ಕೂತಿದ್ದ. ಮಾಮಾ ಎದ್ದು, ಟ್ರಕ್ಕಿನ ಸರಳು ಹಿಡಿದು ನಿಂತರು.

"ಕೇಳ್ರೆಲೇ. ಹೊಳಿ ದಂಡ್ಯಾಗ ನಿಮ್ಮ ಮನಿ ಇರಬಹುದು, ಅತ್ತಿ ಮನಿ ಇರಬಹುದು, ಬೀಗರ ಮನಿ ಇರಬಹುದು. ಬೋಟಿನ್ಯಾಗ ಎಲ್ಲಾರೂ ಒಂದ. ಮೊದಲ ಕೂಸು, ಬಸರಾದ ಹೆಣಮಕ್ಕಳು, ಮುದುಕರು. ಬೀಗರು ಎಲ್ಲಾರಕಿಂತ ಕಡೀಕ!"

ಟ್ರಕ್ಕಿನಲ್ಲಿ ನಗೆ ಎದ್ದಿತು. ತಲೆ ಹುದುಗಿಸಿದ್ದ ಹುಡುಗನೂ ಮುಖ ಎತ್ತಿದ.

ಆಮೇಲಿನ ದಿನಗಳಲ್ಲಿ ನಾವು ಹಗಲೆಲ್ಲ ನೀರಿನಲ್ಲೇ ಇದ್ದೆವು. ರಬ್ಬರ್ ಬೋಟಿನಲ್ಲಿ ಮುಳುಗಿದ ಕಬ್ಬಿನ ತುದಿಗಳ ಮೇಲೆ ತೇಲುತ್ತ ಹೋಗುವುದು, ಮಾಳಿಗೆಯ ಮೇಲಿದ್ದವರನ್ನು ಇಳಿಸಿಕೊಳ್ಳುವುದು, ದಡ ಮುಟ್ಟಿಸುವುದು. ಒಂದು ಕಡೆ ಒಬ್ಬ ಅಜ್ಜಿ ಬೋಟು ಹತ್ತಲು ಒಲ್ಲೆ ಎಂದು ಕೂತುಬಿಟ್ಟಳು. "ಗಾಳಿ ತುಂಬಿದ ಚೀಲದಾಗ ನಾ ಕುಂಡ್ರಾಂಗಿಲ್ಲ. ಇಲ್ಲೇ ಸಾಯತೇನಿ." ಕ್ಯಾಪ್ಟನ್ ಸಾಹೇಬರು ಹಿಂದಿಯಲ್ಲಿ ಬೇಡಿಕೊಂಡರು. ಅಜ್ಜಿ ಅವರತ್ತ ನೋಡಲೂ ಇಲ್ಲ.

ಮಾಮಾ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತರು. "ಆಯೀ, ಇದು ಬೋಟ್ ಅಂತ ಯಾರ ಹೇಳಿದ್ರು ನಿನಗ? ಚಿಂಚಲಿ ಮಾಯಕ್ಕ ದೇವಿ ಪಲ್ಲಕ್ಕಿ ಕಳಿಸ್ಯಾಳ. ಒಲ್ಲೆ ಅಂದ್ರ ಹೇಳು, ತಿರುಗಿ ಒಯ್ತೀವಿ. ಆಕಿಗೆ ಏನ ಹೇಳಬೇಕು ಅಷ್ಟ ಹೇಳಿಕೊಡು."

ಅಜ್ಜಿ ಒಂದು ಗಳಿಗೆ ಅವರನ್ನು ದಿಟ್ಟಿಸಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ದೇವಿಯ ಭಂಡಾರದ ಅರಿಸಿನ ತೆಗೆದು, ಬೋಟಿಗೆ ಹಚ್ಚಿ, ಮಾಮಾನ ಹಣೆಗೆ ಹಚ್ಚಿ, ಉಳಿದದ್ದನ್ನೆಲ್ಲ ಕ್ಯಾಪ್ಟನ್ ಸಾಹೇಬರ ಟೋಪಿಯ ಮೇಲೆ ಸುರಿದು, "ಚಾಂಗಭಲೋ!" ಎಂದು ದೇವಿಗೆ ಜೈಕಾರ ಕೂಗಿ ಹತ್ತಿ ಕೂತಳು. ಅರಿಸಿನದ ಮುಖ ಹೊತ್ತು ಸಾಹೇಬರು ಇಡೀ ದಿನ ಓಡಾಡಿದರು. ಯಾವ ಮಾಳಿಗೆಯ ಮೇಲೂ ಆಮೇಲೆ ಯಾರೂ ಒಲ್ಲೆ ಎನ್ನಲಿಲ್ಲ!

ಆದರೆ ಮಾಮಾನ ಊರಿನ ಸುದ್ದಿ ಮಾತ್ರ ಎಲ್ಲಿಂದಲೂ ಬರಲಿಲ್ಲ. ಮಾಮಿ ಅಲ್ಲಿ ಒಬ್ಬಳೇ. ನಾನು ತಡೆಯಲಾರದೆ ಕ್ಯಾಪ್ಟನ್ ಸಾಹೇಬರಿಗೆ ಹೇಳಿದೆ. ಅವರು ಮಾಮಾನನ್ನು ಕರೆದು, ನಿಮ್ಮ ಊರಿಗೇ ಮೊದಲು ಹೋಗೋಣವೇ ಎಂದು ಕೇಳಿದರು.

"ವೋ ಗಾಂವ್ ಊಪರ್ ಹೈ ಸಾಬ್. ನೀಚೇವಾಲಾ ಪಹಲೇ" ಎಂದರು ಮಾಮಾ.

ಎತ್ತರದ ಊರಂತೆ! ಅವರ ಹಿತ್ತಿಲ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ಹೊಳೆ ತಾಗುತ್ತದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನತ್ತ ಕಣ್ಣು ಬಿಟ್ಟು ನೋಡಿದರು. ಅವರ ಕೈಯಲ್ಲಿದ್ದ ಚಹಾದ ಲೋಟ ಹಾಗೇ ತಣ್ಣಗಾಗುತ್ತಿತ್ತು. ಚಹಾ ಬಿಟ್ಟ ಮಾಮಾನನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ತಗ್ಗಿನ ಊರುಗಳ ಜನರೆಲ್ಲ ದಡ ಸೇರಿದ ಮೇಲೆಯೇ ನಮ್ಮ ಬೋಟು ಆ ಕಡೆ ತಿರುಗಿತು. ಊರಿನ ತುಂಬ ಕೆಂಪು ನೀರು. ಮಾಮಾನ ಮನೆ ಇರಬೇಕಾದಲ್ಲಿ ಒಂದು ಗೋಡೆಯ ಮೂಲೆ ಕಾಣುತ್ತಿತ್ತು. ಪಕ್ಕದ ಮನೆಯ ಸ್ಲ್ಯಾಬಿನ ಮೇಲೆ ಒಂದಷ್ಟು ಜನ ನಿಂತಿದ್ದರು. ಅವರ ನಡುವೆ, ಒಂದು ಎಮ್ಮೆಗರುವಿನ ಕೊರಳಿಗೆ ಕೈ ಹಾಕಿಕೊಂಡು ಮಾಮಿ!

ಉಳಿದವರನ್ನೆಲ್ಲ ಇಳಿಸಿಕೊಂಡೆವು. ಹತ್ತಿಸಿಕೊಳ್ಳುವಾಗ ಹೆಸರು ಕೇಳಿ ಬರೆದುಕೊಳ್ಳುವುದು ನಿಯಮ. ಬರೆಯುವವನು ನಾನು, ಕೇಳುವವರು ಹವಾಲ್ದಾರ್ ಸಾಹೇಬರು. ಮಾಮಿಯ ಸರದಿ ಬಂತು. ಮಾಮಾ ಕೇಳಿದರು:

"ತಾಯೀ, ನಿಮ್ಮ ಹೆಸರು?"

ಮಾಮಿ ಮೇಲಿನಿಂದ ಕೆಳಗಿನವರೆಗೆ ಅವರನ್ನು ನೋಡಿದಳು.

"ಲಗ್ನ ಆದಾಗಿಂದ ನಮ್ಮ ಮನ್ಯಾವರು ನನಗ 'ಏ' ಅಂತಾರ್ರಿ. 'ಏ' ಅಂತ ಬರಕೋರಿ."

"ಗಂಡನ ಹೆಸರು?"

"ಗಂಡನ ಹೆಸರ ಹೆಂಗಸರು ಹೇಳಬಾರದ್ರಿ ನಮ್ಮ ಕಡೆ."

"ಅಂವ ಎಲ್ಲಿ ಅದಾನ್ರಿ?" ಈ ಸಲ ಮಾಮಾನ ದನಿ ಯಾಕೋ ಸ್ವಲ್ಪ ಕುಗ್ಗಿತ್ತು.

"ಮಿಲ್ಟ್ರ್ಯಾಗ ಅದಾರ್ರಿ. ನಿಮಗೇನರ ಭೆಟ್ಟಿ ಆದ್ರ ಹೇಳ್ರಿ, ಗೋಡಿ ಬಿದ್ದಾವು, ಎಮ್ಮಿ ಗುಡ್ಡಕ್ಕ ಹೊಡದೇನಿ, ಎಲ್ಲಾ ಉಳದಾವು, ಕಾಳಜಿ ಮಾಡಬ್ಯಾಡ್ರಿ ಅಂತ."

"ಹೇಳತೇನ್ರಿ" ಎಂದರು ಮಾಮಾ.

ಮಾಮಿ ಕರುವನ್ನು ಬಿಟ್ಟು ಬರಲು ಒಪ್ಪಲಿಲ್ಲ. ಬೋಟಿನಲ್ಲಿ ದನಕರು ಹತ್ತಿಸುವಂತಿಲ್ಲ ಎಂದು ಹುಕುಂ ಇತ್ತು. ಎಲ್ಲರೂ ಮಾಮಾನ ಮುಖ ನೋಡಿದರು. ಅವರು ಕ್ಷಣ ಯೋಚಿಸಿ, ಕರುವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ನನಗೆ ಬರೆಸಿದರು: "ಬರಿ. ರಂಗರೂಟ್, ಒಬ್ಬ. ತಬಿಯತ್ ಚಲೋ ಐತಿ."

ನೀರು ಇಳಿಯುವ ಹೊತ್ತಿಗೆ ನಮ್ಮ ಜಾಗಕ್ಕೆ ಬೇರೆ ತುಕಡಿ ಬಂತು. ಮಾಮಾನಿಗೆ ರಜೆ ಸಿಕ್ಕಿತು. ನಾನೂ ಅವರ ಜೊತೆ ಊರಿಗೆ ಹೋದೆ. ಪರಿಹಾರ ಕೇಂದ್ರದಿಂದ ಮಾಮಿ, ಗುಡ್ಡದ ಮೇಲಿದ್ದ ಎಮ್ಮೆಗಳನ್ನೂ ಹೊಡೆದುಕೊಂಡು, ನಮಗಿಂತ ಮೊದಲೇ ಬಂದಿದ್ದಳು. ಬಿದ್ದ ಗೋಡೆಗಳ ನಡುವೆ ಒಂದು ಮೂಲೆಯ ಕೆಸರು ಬಳಿದು, ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದಳು. ಮಲಗಿದ ಕಬ್ಬಿನ ಮೇಲಿನಿಂದ ಕೊಳೆತ ವಾಸನೆ ಬರುತ್ತಿತ್ತು.

ಮಾಮಾ ದಾರಿಯುದ್ದಕ್ಕೂ ಮಾತಾಡಿದ್ದರು: ಈ ಸಲ ಗೋಡೆ ಕಲ್ಲಿನಲ್ಲೇ ಕಟ್ಟುವುದು, ಬಾಗಿಲು ಮೂಡಣಕ್ಕೆ ಇಡುವುದು, ಇನ್ನೂ ಏನೇನೋ. ಬಂದು ಹಿತ್ತಿಲ ಕಲ್ಲಿನ ಮೇಲೆ ಕೂತು ಬೂಟು ಕಳಚಲು ಬಾಗಿದರು. ಬೂಟು ಬರಲಿಲ್ಲ. ಮತ್ತೆ ಎಳೆದರು, ಬರಲಿಲ್ಲ. ಮಾಮಿ ಒಲೆ ಬಿಟ್ಟು ಎದ್ದು ಬಂದು ಅವರ ಮುಂದೆ ನೆಲದ ಮೇಲೆ ಕೂತು, ನಿಧಾನಕ್ಕೆ ದಾರ ಸಡಿಲಿಸಿ, ಬೂಟು ಬಿಡಿಸಿದಳು. ಕಾಲುಚೀಲದ ಜೊತೆ ಚರ್ಮವೂ ಸುಲಿದು ಬಂತು. ಅಷ್ಟೂ ದಿನ ನೀರಿನಲ್ಲಿ ನಿಂತ ಪಾದಗಳು ಬೆಳ್ಳಗೆ ಊದಿ, ಬೆರಳ ಸಂದಿಯೆಲ್ಲ ಒಡೆದು ರಕ್ತ ಜಿನುಗುತ್ತಿತ್ತು. ಒಂದೇ ಬೋಟಿನಲ್ಲಿದ್ದ ನನಗೂ ಅದು ಗೊತ್ತಿರಲಿಲ್ಲ.

ಮಾಮಿ ಬಿಸಿನೀರಿಗೆ ಅರಿಸಿನ ಹಾಕಿ ತಂದು, ಆ ಪಾದಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ಹಸುಗೂಸಿಗೆ ಎರೆಯುವಂತೆ ತೊಳೆಯತೊಡಗಿದಳು. ಅವಳ ಭುಜ ಅಲುಗುತ್ತಿತ್ತು.

"ನೋಯತೈತೇನ್ರಿ?" ಎಂದು ಕೇಳಿದಳು.

"ಹೂಂ" ಎಂದರು ಮಾಮಾ. "ಬಾಳ ನೋಯತೈತಿ."

ಆಮೇಲೆ ಅವರು ಕೈ ಚಾಚಿ, ಬಾಗಿದ ಅವಳ ತಲೆಗೂದಲಿಗೆ ಅಂಟಿ ಒಣಗಿದ್ದ ಹೊಳೆಯ ಕೆಸರನ್ನು ಎಳೆ ಎಳೆಯಾಗಿ ಬಿಡಿಸತೊಡಗಿದರು. ನಾನು ಎಮ್ಮೆಗಳಿಗೆ ಮೇವು ಹಾಕುವ ನೆವ ಮಾಡಿಕೊಂಡು ಅಲ್ಲಿಂದ ಎದ್ದು ಹೋದೆ.