ರಾಣಿ ರೂಪಾಯಿಗೆ ಹಿಡಿದ ಹಸಿರು

ಹಳೇ ನಾಣ್ಯ ಕೂಡಿಡುವ ಚಟ ಇದ್ದವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತದೆ. ಕೊಟ್ಟೂರಿನ ಬಜಾರಿನಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಕೊಡ, ಚೊಂಬು ಮಾರುತ್ತಾ ಕೂತವನಿಗೆ ಈ ಚಟ ಎಲ್ಲಿಂದ ಅಂಟಿತೋ ಗೊತ್ತಿಲ್ಲ. ಈ ದೀಪಾವಳಿಗೆ ಅದು ನನ್ನ ಮಾನವನ್ನೇ ತಕ್ಕಡಿಗೆ ಹಾಕಿತು.

ಪಾಚಿ

ನಮ್ಮ ಮಾವ ಹಲವಾಗಲಿನವರು. ಮದುವೆಯಲ್ಲಿ ಮಗಳ ಉಡಿ ತುಂಬುವಾಗ ರಾಣಿ ಛಾಪಿನ ಐದು ಬೆಳ್ಳಿ ರೂಪಾಯಿ ಹಾಕಿದ್ದರು. ಹಾಕಿದ್ದನ್ನು ಅವರೂ ಮರೆತಿಲ್ಲ, ಯಾರಿಗೂ ಮರೆಯಲು ಬಿಟ್ಟೂ ಇಲ್ಲ. ಪ್ರತಿ ದೀಪಾವಳಿಗೆ ಬಂದು, ಲಕ್ಷ್ಮಿ ಮುಂದೆ ಆ ಐದೂ ಇವೆಯೋ ಇಲ್ಲವೋ ನೋಡಿದ ಮೇಲೆಯೇ ಹೋಳಿಗೆಗೆ ಕೈ ಹಾಕುತ್ತಾರೆ.

ಹೋದ ವರ್ಷ ಪೂಜೆ ಮುಗಿದ ಮೇಲೆ ಅವನ್ನು ನಾನೇ ಇಸಿದುಕೊಂಡು ಮೆತ್ತನೆ ಪ್ಲಾಸ್ಟಿಕ್ ಜೇಬುಗಳ ಹೊಸ ಆಲ್ಬಮ್‌ನಲ್ಲಿಟ್ಟೆ. ಈ ಸಲ ಹಬ್ಬ ಹತ್ತಿರ ಬಂತೆಂದು ತೆರೆದರೆ ಹೊಸ ಚಪ್ಪಲಿ ಅಂಗಡಿಯ ವಾಸನೆ. ನಾಣ್ಯದ ತುಂಬಾ ಜಿಗುಟು ಜಿಗುಟಾದ ಹಸಿರು. ರಾಣಿಯ ಮುಖ ಬಾವಿಯ ಮೆಟ್ಟಿಲಿಗೆ ಪಾಚಿ ಕಟ್ಟಿದ ಹಾಗಾಗಿತ್ತು. ಮಾವ ಇದನ್ನು ನೋಡಿದರೆ ನನ್ನ ಕತೆ ಮುಗಿಯಿತು ಎಂದು ಆಲ್ಬಮ್ಮನ್ನು ಮೆಲ್ಲಗೆ ಅಂಗಡಿಗೆ ಸಾಗಿಸಿದೆ.

ಪಕ್ಕದ ಬಳೆ ಅಂಗಡಿಯವನು ಬಂದು ನೋಡಿ, ಹೆದರಬೇಡ, ಹಸಿರು ಬಂದಷ್ಟೂ ನಾಣ್ಯ ಹಳೇದಾಗುತ್ತದೆ ಎಂದು ಧೈರ್ಯ ಹೇಳಿದ. ಮರುದಿನ ಹೊಸ ಹತ್ತು ರೂಪಾಯಿ ನಾಣ್ಯಗಳ ಒಂದು ಚೀಲ ಹಿಡಿದುಕೊಂಡು ಬಂದ.

"ಆ ಆಲ್ಬಮ್ ಒಂದೆರಡು ತಿಂಗಳು ಕೊಡೋ. ಇವನ್ನೂ ಒಂದಿಷ್ಟು ಹಳೇವು ಮಾಡಿಕೊಂತೀನಿ."

ಉಗುರುಬಣ್ಣ

ಕೂಡ್ಲಿಗಿಯಲ್ಲಿ ನನ್ನಂಥದೇ ಚಟದ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಫೋನಿನಲ್ಲಿ ಮೊದಲು ಬೈದರು, ಆಮೇಲೆ ದಾರಿ ಹೇಳಿದರು. ವಾಸನೆ ಹೊಡೆಯುವ ಪ್ಲಾಸ್ಟಿಕ್ ಬರಬರುತ್ತಾ ಎಣ್ಣೆ ಬಿಡುತ್ತದೆ, ಅದೇ ಈ ಹಸಿರು. ತಿಕ್ಕಬಾರದು, ಪೇಸ್ಟು ಹಚ್ಚಬಾರದು, ಅಸಿಟೋನಿನಲ್ಲಿ ನೆನೆಹಾಕಬೇಕು. ಉಗುರುಬಣ್ಣ ಅಳಿಸುವ ಸೀಸೆಯಲ್ಲೂ ಅದೇ ಇರುತ್ತದಲ್ಲವೇ ಎಂದು ನನ್ನ ಬುದ್ಧಿ ಓಡಿತು. ಒಂದು ಸೀಸೆ ತಂದೆ. ಅದರಲ್ಲಿ ಅತ್ತರು, ಬಣ್ಣ ಎಲ್ಲ ಬೆರೆಸಿರುತ್ತಾರೆ, ಅದನ್ನು ಮುಟ್ಟಿಸಬೇಡ ಎಂದು ಮೇಷ್ಟ್ರು ಹೇಳುವಷ್ಟರಲ್ಲಿ ಸೀಸೆ ನನ್ನ ಅಂಗಿ ಜೇಬಿನಿಂದ ಹೆಂಡತಿಯ ಕೈ ಸೇರಿತ್ತು.

ನಮ್ಮ ಮನೆಯಲ್ಲಿ ಉಗುರಿಗೆ ಬಣ್ಣ ಹಚ್ಚುವವರು ಯಾರೂ ಇಲ್ಲ. ನಾಣ್ಯದ ಸುದ್ದಿ ಬಾಯಿ ಬಿಡುವ ಹಾಗಿಲ್ಲ. ಪಾತ್ರೆಯ ಮೇಲಿನ ಚೀಟಿ ಕೀಳಲಿಕ್ಕೆ ಎಂದೆ. ಅವಳು ಹೂಂ ಎಂದಳು ಅಷ್ಟೇ. ಮರುದಿನ ಬೆಳಿಗ್ಗೆಯೇ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಪಕ್ಕ ಕೂತು, ಬಂದ ಹೆಂಗಸರ ಉಗುರುಗಳನ್ನೇ ನೋಡತೊಡಗಿದಳು. ವ್ಯಾಪಾರ ಮಾತ್ರ ಭರ್ಜರಿ. ಆ ನೋಟದ ಮುಂದೆ ನಿಂತು ಚೌಕಾಶಿ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಲೋಟ

ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಫೈಬರ್ ಬಾಗಿಲು ಮಾಡುವವನ ಹತ್ತಿರ ಅಪ್ಪಟ ಅಸಿಟೋನ್ ಸಿಕ್ಕಿತು. ಬೆಂಕಿಯ ಹತ್ತಿರ ಸುಳಿಯಬೇಡ, ಗಾಳಿ ಆಡುವ ಕಡೆ ಕೂತುಕೋ ಎಂದಿದ್ದರು ಮೇಷ್ಟ್ರು. ಹಾಗಾಗಿ ದೇವರ ಫೋಟೋದ ಮುಂದಿನ ಊದಿನಕಡ್ಡಿ ಆರಿಸಿ, ದೇವರ ಕ್ಷಮೆ ಕೇಳಿ, ಅಂಗಡಿಯ ಹಿತ್ತಲಿಗೆ ಹೋದೆ. ಚಹಾ ಕುಡಿಯುವ ತೆಳ್ಳನೆ ಪ್ಲಾಸ್ಟಿಕ್ ಲೋಟ ಕೈಗೆ ಸಿಕ್ಕಿತು, ಅದಕ್ಕೇ ಸುರಿದು ನಾಣ್ಯ ಬಿಟ್ಟೆ.

ನೋಡನೋಡುತ್ತಿದ್ದಂತೆ ಲೋಟ ಕುಸಿದು ಕೂತಿತು. ಐವರು ರಾಣಿಯರೂ ಬಿಳಿ ಅಂಟಿನಲ್ಲಿ ಮಲಗಿದರು. ಪ್ಲಾಸ್ಟಿಕ್ಕಿನ ಪಾಪ ತೊಳೆಯಲು ಪ್ಲಾಸ್ಟಿಕ್ಕನ್ನೇ ಕರೆದ ಜಾಣ ಬಳ್ಳಾರಿ ಸೀಮೆಗೆಲ್ಲಾ ನಾನೊಬ್ಬನೇ ಇರಬೇಕು. ಮೇಷ್ಟ್ರಿಗೆ ಮತ್ತೆ ಫೋನು ಹಚ್ಚಿದೆ. ಅವರು ಒಂದೇ ಮಾತು ಕೇಳಿದರು.

"ತಮ್ಮಾ, ನಿಂದು ಪಾತ್ರಿ ಅಂಗಡಿ ಹೌದಲ್ಲೋ?"

ಹುಣಸೆಹಣ್ಣು

ಗಾಜಿನ ಬಟ್ಟಲಲ್ಲಿ ಮತ್ತೆ ನೆನೆಹಾಕಿ, ಅಂಚು ಹಿಡಿದು ಎತ್ತಿ, ಒರೆಸದೆ ಬಟ್ಟೆಯ ಮೇಲೆ ಆರಲು ಬಿಟ್ಟೆ. ಅಂಟೂ ಹೋಯಿತು, ಹಸಿರೂ ಹೋಯಿತು. ವಯಸ್ಸಿಗೆ ಬಂದಿದ್ದ ಹಳೇ ಕಂದು ಬಣ್ಣ ಮಾತ್ರ ಉಳಿಯಿತು, ಅದು ಉಳಿಯಬೇಕಾದದ್ದೇ. ಒಂದೊಂದನ್ನೂ ಕಾಗದದ ಲಕೋಟೆಗೆ ಹಾಕಿ ಮನೆಯ ಪೆಟ್ಟಿಗೆಯಲ್ಲಿಟ್ಟು, ಗೆದ್ದೆ ಎಂದುಕೊಂಡೆ.

ಹಬ್ಬದ ದಿನ ಅಂಗಡಿ ಪೂಜೆ ಮುಗಿಸಿ ಮನೆಗೆ ಬಂದರೆ ಮಾವ ಆಗಲೇ ಚಾಪೆಯ ಮೇಲಿದ್ದರು. ಹೆಂಡತಿ ಅಡುಗೆಮನೆಯಿಂದಲೇ, ಲಕ್ಷ್ಮಿಗೆ ಇಂಥ ಕಪ್ಪು ನಾಣ್ಯ ಇಡೋದಾ ಎಂದು ನನ್ನನ್ನು ಬೈಯುತ್ತಾ ತಟ್ಟೆ ತಂದಿಟ್ಟಳು. ಪೆಟ್ಟಿಗೆಯಿಂದ ತೆಗೆದು ಹುಣಸೆಹಣ್ಣು, ವಿಭೂತಿ, ತೆಂಗಿನ ನಾರು ಹಾಕಿ ರಟ್ಟೆ ಬೀಳುವ ಹಾಗೆ ತಿಕ್ಕಿದ್ದಳು. ಐದೂ ಫಳಫಳ ಹೊಳೆಯುತ್ತಿದ್ದವು. ಹಳದಿಯಾಗಿ.

ಮಾವ ಒಂದನ್ನೆತ್ತಿ ಬೆಳಕಿಗೆ ಹಿಡಿದರು. ಹೆಂಡತಿ ಈಗ ಸರಿಯಾಗಿ ನೋಡಿದಳು. ನೋಡಿ ನನ್ನ ಕಡೆ ತಿರುಗಿದಳು.

"ನಮ್ಮಪ್ಪ ಕೊಟ್ಟ ಬೆಳ್ಳಿ ಎಲ್ಲಿ ಮಾರಿ ಬಂದ್ರಿ?"

ಆಲ್ಬಮ್ಮು, ಹಸಿರು, ಸೀಸೆ, ಲೋಟ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಇವು ಅವೇ ನಾಣ್ಯ ಎಂದು ಲಕ್ಷ್ಮಿಯ ಮೇಲೆ ಆಣೆ ಇಟ್ಟೆ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ದಿನಾ ಹಿತ್ತಾಳೆ ಮಾರುವವನು ನಾನು. ಮೇಲಿನ ಬೆಳ್ಳಿ ಲೇಪ ಹೋದ ಹಿತ್ತಾಳೆ ನನಗೆ ಗುರುತು ಸಿಗದೇ ಇರುತ್ತದೆಯೇ? ಮೆಲ್ಲಗೆ ಮಾವನ ಮುಖ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಅವರ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು.

ಮಾವ ನಾಣ್ಯವನ್ನು ತಟ್ಟೆಗಿಟ್ಟು, ಗಂಟಲು ಸರಿಮಾಡಿಕೊಂಡು, ಎಂದೂ ಇಲ್ಲದ ಅಕ್ಕರೆಯಿಂದ ಮಗಳನ್ನು ಗದರಿದರು.

"ಸುಮ್ನಿರವ್ವಾ, ಅಳಿಯಂದ್ರು ಖರೇ ಹೇಳಾಕತ್ಯಾರ. ಈ ಪ್ಲಾಸ್ಟಿಕ್ ಭಾಳ ಕೆಟ್ಟದ್ದು. ಬಂಗಾರದಂಥ ಬೆಳ್ಳಿನ ಹಿತ್ತಾಳಿ ಮಾಡಿ ಇಟ್ಟೈತಿ ನೋಡು."