ನಲವತ್ತೊಂದನೇ ಕಂತಿಗೆ ಅರ್ಧ ಸ್ಟಾರ್

ಹಿರಿಯಣ್ಣನವರು ಒಂದು ಸ್ಟಾರನ್ನಾದರೂ ಪೂರ್ತಿ ಕೊಟ್ಟಿದ್ದರೆ ಆ ಭಾನುವಾರ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಶನಿವಾರ ಸಂಜೆ ಅವರು ‘ಟಿಂಗೂ ಟ್ಯಾಕ್ಸಿ’ಯ ನಲವತ್ತೊಂದನೇ ಕಂತು ನೋಡಿ ಮುಗಿಸಿ, ಕನ್ನಡಕ ಒರೆಸಿಕೊಂಡು, ಐದಕ್ಕೆ ಅರ್ಧ ಸ್ಟಾರ್ ಕೊಟ್ಟುಬಿಟ್ಟರು.

ಟಿಂಗೂ ಟ್ಯಾಕ್ಸಿ ಎಂದರೆ ಮಕ್ಕಳ ಕಾರ್ಟೂನು. ಟಿಂಗೂ ಎಂಬ ಮಾತನಾಡುವ ಕಪ್ಪು-ಹಳದಿ ಟ್ಯಾಕ್ಸಿ ಮುಂಬಯಿ ತುಂಬ ಸುತ್ತಿ ದಿನಕ್ಕೊಂದು ಪಜೀತಿ ಮಾಡಿಕೊಳ್ಳುವುದೇ ಅದರ ಕತೆ. ಹಿರಿಯಣ್ಣನವರಿಗೆ ಐವತ್ತೇಳು ವರ್ಷ. ದಾದರಿನ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಮೊಮ್ಮಗಳು ಅಪ್ಪಿಗೆ ಸೀತಾಳೆ ಸಿಡುಬು ಎದ್ದಾಗ ಅವಳ ಪಕ್ಕ ಕೂತು ಮೊದಲ ಕಂತು ನೋಡಿದ್ದರು. ಹದಿನೈದು ದಿನದಲ್ಲಿ ಅಪ್ಪಿ ಗುಣವಾಗಿ ತನ್ನ ಮನೆಗೆ ಹೋದಳು. ತಾತನಿಗೆ ಅಂಟಿದ್ದು ಮಾತ್ರ ಬಿಡಲಿಲ್ಲ.

ನೋಡುವುದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಪ್ರತಿ ಕಂತಿಗೂ ಒಂದು ವೆಬ್‌ಸೈಟಿನಲ್ಲಿ ‘ಮೀಟರ್ ಡೌನ್’ ಎಂಬ ಹೆಸರಿಟ್ಟುಕೊಂಡು ವಿಮರ್ಶೆ ಬರೆಯತೊಡಗಿದರು. ಬರೆಯುವುದು ಇಂಗ್ಲಿಷಿನಲ್ಲಾದರೂ ಕೋಪ ಹುಟ್ಟುತ್ತಿದ್ದುದು ಕನ್ನಡದಲ್ಲೇ. ಮೂವತ್ತು ವರ್ಷ ಬೇರೆಯವರ ಅಭಿಪ್ರಾಯವನ್ನು ಫೈಲಿಗೆ ಸೇರಿಸುತ್ತ ಬಂದ ಮನುಷ್ಯನಿಗೆ ತನಗೂ ಒಂದು ಅಭಿಪ್ರಾಯವಿದೆ ಎಂದು ಗೊತ್ತಾದದ್ದೇ ಅಲ್ಲಿ. ಹೆಂಡತಿ ವನಮಾಲಾಗೂ ಈ ಗುಟ್ಟು ತಿಳಿದಿರಲಿಲ್ಲ.

ನಲವತ್ತೊಂದನೇ ಕಂತಿನಲ್ಲಿ ಒಂದು ತೆಂಗಿನಕಾಯಿ ಸೀನುತ್ತದೆ. ಆ ಸೀನಿನ ರಭಸಕ್ಕೆ ಟಿಂಗೂ ಚೆಂಬೂರ್ ಸ್ಟೇಷನ್ನಿನಿಂದ ಹಾರಿ ಚಂದ್ರನ ಮೇಲೆ ಬೀಳುತ್ತದೆ. ಹಿರಿಯಣ್ಣನವರು ಬರೆದರು: ‘ಮಕ್ಕಳು ದಡ್ಡರಲ್ಲ. ಬರೆದವರು ತಲೆಯನ್ನು ಫ್ರಿಜ್ಜಿನಲ್ಲಿಟ್ಟು ಈ ಕಂತು ಬರೆದಿರಬೇಕು. ನಮ್ಮ ಸ್ಟೇಷನ್ನಿನ ಎದುರು ಹಾರುವುದಿರಲಿ, ಟ್ಯಾಕ್ಸಿ ತಿರುಗಿಸಲೂ ಜಾಗವಿಲ್ಲ. ಈ ಅರ್ಧ ಸ್ಟಾರ್ ಕಂತಿಗಲ್ಲ, ಅದು ಕೊನೆಗೂ ಮುಗಿಯಿತಲ್ಲ ಎಂಬುದಕ್ಕೆ.’

ಬರೆದು, ಹಬ್ಬದೂಟ ಉಂಡವರಂತೆ ತೃಪ್ತಿಯಿಂದ ಮಲಗಿದರು.

ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರಲು ಕೆಳಗಿಳಿದರೆ ಎರಡನೇ ಮಹಡಿಯ ಮೆಟ್ಟಿಲಲ್ಲಿ ಶೀಲಾವತಿ ಅಡ್ಡ ನಿಂತಿದ್ದರು. ಉಡುಪಿ ಕಡೆಯ ಶೀಲಾವತಿ ಚೆಂಬೂರಿನ ಆ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿ. ನೀರು ಬಾರದಿದ್ದರೂ ಅವರ ಗದರಿಕೆಗೆ ಹೆದರಿ ನಲ್ಲಿ ಒಂದೆರಡು ಹನಿಯನ್ನಾದರೂ ಉದುರಿಸುತ್ತಿತ್ತು.

“ಹಿರಿಯಣ್ಣನವರೇ, ಎಂತ ಲೋಕ ಮಾರಾಯ್ರೆ ಇದು. ನನ್ನ ವಿಭಾ ನಿನ್ನೆಯಿಂದ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಊಟ ಇಲ್ಲ, ಮಾತಿಲ್ಲ.”

“ಅಯ್ಯೋ, ಯಾಕಂತೆ?”

“ಅವಳು ಬರೆಯುವ ಕಾರ್ಟೂನಿಗೆ ಯಾವನೋ ಅರ್ಧ ಸ್ಟಾರ್ ಕೊಟ್ಟಿದ್ದಾನೆ, ನಾನೇ ಫೋನಿನಲ್ಲಿ ನೋಡಿದೆ. ತಲೆಯನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದಾಳೆ ಅಂತ ಬರೆದಿದ್ದಾನೆ. ನಮ್ಮ ಮನೆಯ ಫ್ರಿಜ್ಜಿನ ಸುದ್ದಿ ಅವನಿಗೆ ಯಾಕೆ?”

ಹಿರಿಯಣ್ಣನವರ ಕೈಯಲ್ಲಿದ್ದ ಚೀಲ ತಾನಾಗಿಯೇ ಕೆಳಗೆ ಬಿತ್ತು. ವಿಭಾ ಅಂಧೇರಿಯಲ್ಲಿ ಏನೋ ಕಂಪ್ಯೂಟರಿನ ಕೆಲಸ ಮಾಡುತ್ತಾಳೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಅವಳು ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ದಿನಗಳಲ್ಲಿ ಅವರೇ ಎಷ್ಟೋ ಸಲ ಕೈಹಿಡಿದು ರಸ್ತೆ ದಾಟಿಸಿದ್ದರು.

“‘ನಮ್ಮ ಸ್ಟೇಷನ್’ ಅಂತ ಬರೆದಿದ್ದಾನೆ. ಅಂದ ಮೇಲೆ ಚೆಂಬೂರಿನವನೇ. ನಾನು ಹುಡುಕದೆ ಬಿಡುವುದಿಲ್ಲ,” ಎಂದರು ಶೀಲಾವತಿ.

ಕೊತ್ತಂಬರಿ ಮರೆತು ಹಿರಿಯಣ್ಣನವರು ಮನೆಗೆ ಓಡಿದರು. ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಫೋನು ಒತ್ತಿ, ‘ಮೀಟರ್ ಡೌನ್’ ಖಾತೆಯನ್ನೇ ಅಳಿಸಿಹಾಕಿದರು. ನಲವತ್ತೊಂದು ವಿಮರ್ಶೆಗಳೂ ಅದರೊಂದಿಗೆ ಮಾಯವಾಗುತ್ತವೆ ಎಂದು ಅವರ ಲೆಕ್ಕ. ಹಾಗಾಗಲಿಲ್ಲ. ವಿಮರ್ಶೆಗಳು ಅಲ್ಲೇ ಇದ್ದವು. ಅವುಗಳೊಳಗೆ ಹೋಗುವ ದಾರಿ ಮಾತ್ರ ಮುಚ್ಚಿತ್ತು. ಮನೆಯೊಳಗೆ ಬೆಂಕಿ ಇಟ್ಟು ಬೀಗದ ಕೈಯನ್ನು ಬಾವಿಗೆ ಎಸೆದಂತಾಯಿತು.

“ಏನ್ರೀ, ಒಳಗೇ ಸಂಸಾರ ಹೂಡಿದ್ರಾ?” ಎಂದು ವನಮಾಲಾ ಬಾಗಿಲು ಬಡಿದರು. “ಎಲ್ಲರೂ ತಾಜಬಿ ಮನೇಲಿ ಸೇರಿದ್ದಾರೆ. ನಿಮ್ಮನ್ನ ಕರೀತಿದ್ದಾರೆ.”

ಹಿರಿಯಣ್ಣನವರು ಸಿಕ್ಕಿಬಿದ್ದೆ ಎಂದುಕೊಂಡೇ ಮೆಟ್ಟಿಲಿಳಿದರು.

ತಾಜಬಿ ನೆಲಮಹಡಿಯಲ್ಲಿ ಟೇಲರಿಂಗ್ ಮಾಡುವ ವಿಜಯಪುರದ ಹೆಂಗಸು. ಬಿಲ್ಡಿಂಗಿನ ಎಲ್ಲರ ಅಳತೆಯೂ, ಎಲ್ಲರ ಸುದ್ದಿಯೂ ಅವರ ಬಳಿ ಇತ್ತು. ಹೊಲಿಗೆ ಮಷಿನ್ನಿನ ಸುತ್ತ ಇಪ್ಪತ್ತು ಜನ ನಿಂತಿದ್ದರು.

“ಬರ್ರಿ ಹಿರಿಯಣ್ಣಾರ,” ಎಂದರು ತಾಜಬಿ. “ಸ್ಟಾರ್ ಅಂದ್ರ ಚಿಕ್ಕಿ. ಚಿಕ್ಕಿ ಕೊಡೂದಾದ್ರ ಪೂರ್ತಿ ಕೊಡಬೇಕು, ಇಲ್ಲಾಂದ್ರ ಸುಮ್ನಿರಬೇಕು. ಅರ್ಧಾ ಮುರದು ಕೊಡ್ತಾನಂದ್ರ ಅವನ ಮನಸರೆ ಎಷ್ಟು ಸಣ್ಣದಿರಬೇಕು, ನೀವ ಹೇಳ್ರಿ.”

“ಸಣ್ಣದೇ,” ಎಂದರು ಹಿರಿಯಣ್ಣನವರು.

“ಅವನ್ನ ಹುಡುಕೂದು ಆಮ್ಯಾಲ. ಮೊದಲು ನಮ್ಮ ಹುಡುಗಿ ಮಾನ ಉಳಿಸೂಣು. ನೀವು ಮುನ್ಸಿಪಾಲ್ಟಿಗೆ ಬರದ ಅರ್ಜಿಗೆ ಗಟಾರದ ಕೆಲಸ ಆಗಿತ್ತಲ್ಲ, ಹಂಗ ಒಂದು ಬರೀರಿ. ಛಲೋ ಅನ್ನೂ ಹಂಗ.”

ಅಂದರೆ ಹಿರಿಯಣ್ಣನವರು ಹಿರಿಯಣ್ಣನವರಿಗೇ ಉತ್ತರ ಬರೆಯಬೇಕಾಗಿತ್ತು. ಒಲ್ಲೆ ಎಂದರೆ ಅನುಮಾನ. ಹೂಂ ಎಂದರೆ ಆತ್ಮಸಾಕ್ಷಿಯ ಕಾಟ. ಅವರಿಗೆ ಎರಡು ಜಡೆಯ ವಿಭಾ ನೆನಪಾದಳು. ಹೂಂ ಎಂದರು.

ತಾಜಬಿಯ ಟೀವಿಯಲ್ಲಿ ಆ ಕಂತನ್ನು ಎಲ್ಲರೂ ಮತ್ತೊಮ್ಮೆ ನೋಡಿದರು. ತೆಂಗಿನಕಾಯಿ ಸೀನಿದಾಗ ಯಾರೂ ನಗಲಿಲ್ಲ. ಶೀಲಾವತಿ ಕೈತಟ್ಟಿದ ಮೇಲೆ ಎಲ್ಲರೂ ನಕ್ಕರು. ಹಿರಿಯಣ್ಣನವರು ತಮ್ಮ ಸ್ವಂತ ಹೆಸರಿನಲ್ಲಿ ಹೊಸ ಖಾತೆ ತೆರೆದು ಬರೆಯಲು ಕೂತರು. ಮೊದಮೊದಲು ಅಕ್ಷರಗಳು ಕಷಾಯದಂತೆ ಕಹಿಯಾಗಿ ಇಳಿದವು. ಆಮೇಲೆ ಕೈ ಪಳಗಿತು. ‘ಆ ಸೀನು ಬರಿಯ ಸೀನಲ್ಲ. ನೆಲಕ್ಕೆ ಅಂಟಿಕೊಂಡು ಬದುಕುವ ಈ ಮಹಾನಗರದ ಮನುಷ್ಯರನ್ನು ಆಕಾಶಕ್ಕೆ ಎತ್ತುವ ಉಸಿರು. ಈ ತೆಂಗಿನಕಾಯಿಯನ್ನು ನಾನು ಪ್ರತಿ ಕಂತಿನಲ್ಲೂ ಕಾಣಬಯಸುತ್ತೇನೆ. ಐದು ಸ್ಟಾರ್.’

“ಆರು ಒತ್ತಾಕ ಬರೂದಿಲ್ಲೇನು?” ಎಂದರು ತಾಜಬಿ.

ಓದಿ ಕೇಳಿಸಿದಾಗ ಶೀಲಾವತಿಯ ಕಣ್ಣಲ್ಲಿ ನೀರು ಬಂತು. ಮೂವತ್ತೆರಡು ಮನೆಗಳ ಫೋನುಗಳು ಕೈಯಿಂದ ಕೈಗೆ ಹೋಗಿ ಹಿರಿಯಣ್ಣನವರ ಮುಂದೆ ಸಾಲಾಗಿ ಬಂದವು. ಎಲ್ಲದರಲ್ಲೂ ಅವರೇ ಖಾತೆ ತೆರೆದು, ಐದೈದು ಸ್ಟಾರ್ ಒತ್ತಿ, ಒಂದೊಂದರಲ್ಲೂ ಎರಡೆರಡು ಸಾಲು ತೆಂಗಿನಕಾಯಿಯ ಸ್ತುತಿ ಬರೆದರು. ಯಾರೋ ಚಾನೆಲ್ಲಿನವರಿಗೂ ಅದನ್ನೆಲ್ಲ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸ್ಟಾರ್ ಎಲ್ಲೋ ಅಡಿಯಲ್ಲಿ ಹೂತುಹೋಗಿತ್ತು. ತಾಜಬಿ ಎಲ್ಲರಿಗೂ ಶೀರಾ ಮಾಡಿ ಹಂಚಿದರು. ಹಿರಿಯಣ್ಣನವರಿಗೆ ಎರಡು ಸಲ ಬಡಿಸಿದರು. ಪಾಪ ಕಳೆಯಿತು, ಗುಟ್ಟೂ ಉಳಿಯಿತು ಎಂದು ಅವರು ನೆಮ್ಮದಿಯಿಂದ ತಿಂದರು.

ಸಂಜೆ ಐದಕ್ಕೆ ವಿಭಾ ಕೆಳಗೆ ಬಂದಳು. ಮುಖ ಕೆಂಪಾಗಿತ್ತು. ಕೈಯಲ್ಲಿ ಫೋನಿತ್ತು.

“ಯೇ ಸಬ್ ಕಿಸ್ನೆ ಕಿಯಾ?” ಎಂದಳು. “ಮಮ್ಮಿ, ಯಾರು ಮಾಡಿದ್ದು ಇದು?”

“ನಾವೆಲ್ಲ ಸೇರಿ ಮಗಾ. ಬರೆದದ್ದು ಮಾತ್ರ ಹಿರಿಯಣ್ಣನವರು,” ಎಂದರು ಶೀಲಾವತಿ ಹೆಮ್ಮೆಯಿಂದ.

ಹಿರಿಯಣ್ಣನವರು ವಿನಯದಿಂದ ತಲೆ ತಗ್ಗಿಸಿದರು.

ವಿಭಾ ತಾಜಬಿಯ ಸ್ಟೂಲಿನ ಮೇಲೆ ಕುಸಿದಳು. “ಅಂಕಲ್, ಆ ಕೋಕೊನಟ್ ನನ್ನ ಐಡಿಯಾನೇ ಅಲ್ಲ. ಪ್ರೊಡ್ಯೂಸರ್‌ದು. ನಾನು ಬೇಡ ಬೇಡ ಅಂತ ಮೂರು ತಿಂಗಳು ಜಗಳ ಮಾಡಿದೆ. ನಿನ್ನೆ ಆ ರಿವ್ಯೂ ಬಂತಲ್ಲ, ಅದನ್ನ ತೋರಿಸಿ ರಾತ್ರಿ ಎಲ್ಲ ಕೂತು ಅವರಿಗೆ ಇಷ್ಟುದ್ದ ಲಂಬಾ ಇಮೇಲ್ ಬರೆದೆ. ಬೆಳಿಗ್ಗೆ ಮಾನ್ ಗಯೇ ಥೇ, ಒಪ್ಪಿಬಿಟ್ಟಿದ್ರು. ಕೋಕೊನಟ್ ಬಂದ್ ಅಂತ ಹೇಳಿದ್ರು.”

“ಮತ್ತೆ ಈಗ?” ಎಂದರು ಹಿರಿಯಣ್ಣನವರು ಸಣ್ಣ ದನಿಯಲ್ಲಿ.

“ಈಗ ನಿಮ್ಮದೆಲ್ಲ ನೋಡಿ ಫೋನ್ ಮಾಡಿದ್ರು. ಪಬ್ಲಿಕ್‌ಗೆ ಕೋಕೊನಟ್ ಬೇಕಂತೆ. ಮುಂದಿನ ಇಪ್ಪತ್ತಾರು ಎಪಿಸೋಡ್, ಎಲ್ಲದರಲ್ಲೂ ಅದು ಸೀನಬೇಕಂತೆ. ಬರೆಯೋದು ನಾನು.”

ಹೊಲಿಗೆ ಮಷಿನ್ನಿನ ಮೇಲಿದ್ದ ಶೀರಾದ ತಟ್ಟೆಯನ್ನು ತಾಜಬಿ ಮೆಲ್ಲಗೆ ಎತ್ತಿ ಒಳಗಿಟ್ಟರು.

“ಅದೂ ಹೋಗಲಿ. ಆ ಮೀಟರ್ ಡೌನ್ ಇದಾರಲ್ಲ, ಅವರನ್ನ ನಮ್ಮ ಸ್ಟೋರಿ ಟೀಮ್ ಜೊತೆ ಕೂರಿಸೋಣ ಅಂತ ನಿನ್ನೆನೇ ನಮ್ಮ ಡೈರೆಕ್ಟರ್‌ನ ಒಪ್ಪಿಸಿದ್ದೆ. ಶನಿವಾರ ಶನಿವಾರ ಬಂದು ಸ್ಕ್ರಿಪ್ಟ್ ಓದಿ ಬೈದು ಹೋಗಲಿ ಅಂತ. ಇಷ್ಟು ವರ್ಷದಲ್ಲಿ ನನ್ನ ಕೆಲಸನ ಸೀರಿಯಸ್ಸಾಗಿ ತಗೊಂಡಿದ್ದು ಅವರೊಬ್ಬರೇ. ಮೆಸೇಜ್ ಮಾಡೋಣ ಅಂದ್ರೆ ಅಕೌಂಟೇ ಇಲ್ಲ. ನಿಮ್ಮ ಗಲಾಟೆ ನೋಡಿ ಬೇಜಾರಾಗಿ ಹೋಗಿಬಿಟ್ಟರು.”

ಹಿರಿಯಣ್ಣನವರ ಕಣ್ಣ ಮುಂದೆ ಶನಿವಾರಗಳು ಸಾಲಾಗಿ ನಿಂತವು. ಕಾರ್ಟೂನು ಹುಟ್ಟುವ ಜಾಗದಲ್ಲಿ ಕೂತು, ಟಿಂಗೂ ಇನ್ನೂ ಕಾಗದದ ಮೇಲಿರುವಾಗಲೇ ಅದನ್ನು ಓದುವುದು. ಅವರು ಎದ್ದು ನಿಂತರು.

“ವಿಭಾ, ಅದು ನಾನೇ ಕಣಮ್ಮ. ಮೀಟರ್ ಡೌನ್ ನಾನೇ. ಹೆದರಿ ಬೆಳಿಗ್ಗೆ ಅಳಿಸಿಹಾಕಿದೆ.”

ವಿಭಾ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವಳಿಗೆ ಸಿಟ್ಟು ಇಳಿದು ಕನಿಕರ ಬಂದಂತೆ ಕಂಡಿತು. “ಅಂಕಲ್, ರಹನೇ ದೋ, ಬಿಡಿ. ನೀವು ಒಳ್ಳೇ ಮನಸ್ಸಿಂದಾನೇ ಮಾಡಿದ್ದೀರಿ, ನನಗೆ ಗೊತ್ತು.”

“ಇಲ್ಲಮ್ಮ, ನಿಜವಾಗ್ಲೂ. ಬೇಕಾದ್ರೆ ಕೇಳು. ಹದಿನೇಳನೇ ಕಂತಿಗೆ ಮೂರು ಸ್ಟಾರ್ ಕೊಟ್ಟು ಏನು ಬರೆದಿದ್ದೆ ಅಂತ ಹೇಳ್ತೀನಿ. ‘ಟಿಂಗೂ ಅಳುವ ದೃಶ್ಯದಲ್ಲಿ ವೈಪರ್ ಆಡಿದ್ದು ಚೆನ್ನಾಗಿದೆ, ಆದರೆ ಹಾರ್ನ್ ಸುಮ್ಮನಿರಬೇಕಿತ್ತು.’”

“ಇಂಡಿಕೇಟರ್,” ಎಂದಳು ವಿಭಾ. “‘ಆದರೆ ಇಂಡಿಕೇಟರ್ ಸುಮ್ಮನಿರಬೇಕಿತ್ತು.’ ಅದನ್ನ ಪ್ರಿಂಟ್ ಮಾಡಿ ನನ್ನ ಟೇಬಲ್ ಮೇಲೆ ಅಂಟಿಸಿದ್ದೀನಿ ಅಂಕಲ್. ಬರೆದವರು ಮರೀತಾರಾ?”

ವನಮಾಲಾ ನಾಚಿಕೆಯಿಂದ ಸೆರಗು ಸರಿಮಾಡಿಕೊಂಡು ಗಂಡನ ತೋಳು ಹಿಡಿದು, “ನಡೀರಿ ಮನೆಗೆ. ಈ ವಯಸ್ಸಲ್ಲಿ ಕಾರ್ಟೂನ್ ನೋಡ್ತೀನಿ ಅಂತ ಸುಳ್ಳು ಬೇರೆ,” ಎಂದು ಗೊಣಗಿದರು.

“ಹೋಗ್ಲಿ ಬಿಡ್ರೀ ವನಮಾಲಾಬಾಯಾರ,” ಎಂದರು ತಾಜಬಿ ಸಮಾಧಾನದ ದನಿಯಲ್ಲಿ. “ಶ್ಯಾಣ್ಯಾ ಮನಿಶಾ ಯಾರೋ ಒಬ್ಬ ಅದಾನ, ಅವಾ ನಾನ ಆಗಿರಬೇಕಿತ್ತು ಅಂತ ಯಾರಿಗರೆ ಅನಸೂದಿಲ್ಲ? ಹಿರಿಯಣ್ಣಾರ, ನೀವೂ ದಿನಾ ಒಂದೀಟು ಬರ್ಕೋತ ಹೋಗ್ರಿ. ಇವತ್ತಲ್ಲ ನಾಳೆ ಅವನಂಗ ಬರಿಯಾಕ ಬಂದೀತು.”