ಹನ್ನೊಂದು ಮೆಟ್ಟಿಲಿನ ಮನೆ ಮಾರಾಟಕ್ಕಿದೆ

ನಿಜವನ್ನೇ ಹೇಳಬೇಕು ಎಂದು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ನನ್ನ ವಿಷಯ. ನಿಜ ಹೇಳುವವರು ಏನನ್ನಾದರೂ ಮಾರಲು ಹೊರಟರೆ ಗತಿಯೇನು ಎಂಬುದು ಮಾತ್ರ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಅದರ ಸುಳಿವು ನನಗೆ ಮೊದಲೇ ಸಿಗಬೇಕಿತ್ತು. ಹಿಂದೊಮ್ಮೆ ಹಳೆಯ ಗ್ರೈಂಡರ್ ಮಾರಲು ಹೋಗಿ, ಕೊಳ್ಳಲು ಬಂದ ಹೆಂಗಸಿಗೆ "ಚೆನ್ನಾಗಿ ರುಬ್ಬುತ್ತೆ ಕಣಮ್ಮ, ಒದ್ದೆ ಕೈಯಲ್ಲಿ ಮುಟ್ಟಿದರೆ ಮಾತ್ರ ಸಣ್ಣಗೆ ಕರೆಂಟು ಹೊಡೆಯುತ್ತೆ" ಎಂದಿದ್ದೆ. ನಾನು ಕೊಟ್ಟ ಕಾಫಿಯನ್ನೂ ಕುಡಿಯದೆ ಆಕೆ ಹೊರಟುಹೋದಳು. ಗ್ರೈಂಡರು ಇನ್ನೂ ನಮ್ಮಲ್ಲೇ ಇದೆ, ಒದ್ದೆ ಕೈಯಲ್ಲಿ ನಾವು ಮುಟ್ಟುವುದಿಲ್ಲ. ಇಂಥ ನಾನು ಒಂದು ಇಡೀ ಮನೆಯನ್ನು ಮಾರಬೇಕಾಗಿ ಬಂತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮಾರಿ ನೋಡು ಎಂದು ಸೇರಿಸದೆ ಬಿಟ್ಟಿದ್ದು ಯಾಕೋ ಗೊತ್ತಿಲ್ಲ. ಬಹುಶಃ ಅವರು ಯಾರೂ ಮಾರಿರಲಿಲ್ಲ.

ನಮ್ಮ ಮನೆ ಗಂಜಾಮಿನಲ್ಲಿ, ಹೊಳೆಯಿಂದ ಕೂಗಳತೆ ದೂರದಲ್ಲಿ. ನಮ್ಮ ಮಾವನವರು ಕಟ್ಟಿಸಿದ್ದು. ಅದಕ್ಕೂ ಮುಂಚೆ ಅದೇ ಜಾಗದಲ್ಲಿದ್ದ ನಾಡಹೆಂಚಿನ ಮನೆಗೆ ಒಂದು ಮಳೆಗಾಲ ಕಾವೇರಿ ಹೇಳದೆ ಕೇಳದೆ ನುಗ್ಗಿ, ಅಕ್ಕಿ ಮೂಟೆ, ಪಂಚಾಂಗ, ತೊಟ್ಟಿಲು ಎಲ್ಲವನ್ನೂ ಒದ್ದೆ ಮಾಡಿ ಹೋಗಿದ್ದಳಂತೆ. ಮಾವನವರಿಗೆ ಅದು ಮನಸ್ಸಿಗೆ ನಾಟಿಬಿಟ್ಟಿತು. ಹೊಸ ಮನೆಯ ತಳಪಾಯವನ್ನು ಎಷ್ಟು ಎತ್ತರಿಸಿದರೆಂದರೆ, ಬೀದಿಯಿಂದ ಬಾಗಿಲಿಗೆ ಹನ್ನೊಂದು ಮೆಟ್ಟಿಲಾದವು. ಆಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟಾಗಲೆಲ್ಲ ಹೊಳೆ ಬೀದಿಗೆ ಬಂದು, ಮೆಟ್ಟಿಲು ಹತ್ತಿ, ಒಂದೆರಡು ದಿನ ಕೂತು, ಹಾಗೇ ಇಳಿದು ಹೋಗುತ್ತಿತ್ತು. ಮಾವನವರು ಪ್ರತಿಸಲವೂ ನೀರು ನಿಂತ ಎತ್ತರಕ್ಕೆ ಪಕ್ಕದ ಗೋಡೆಯ ಮೇಲೆ ಅರಿಶಿನದಲ್ಲಿ ಗುರುತು ಹಾಕುತ್ತಿದ್ದರು. ಅರಿಶಿನ ಅಳಿಸಿಹೋಗುತ್ತದೆ ಎಂದು, ಸೊಸೆಯಾಗಿ ಬಂದ ನಾನು ಅದನ್ನು ಬಿಳಿ ಪೇಂಟಿಗೆ ಬದಲಾಯಿಸಿದೆ. ಸ್ಕೇಲು ಇಟ್ಟು ಗೆರೆ, ಪಕ್ಕದಲ್ಲಿ ದುಂಡಗೆ ಇಸವಿ. ಎಲ್ಲಕ್ಕಿಂತ ಮೇಲಿನದು ಏಳನೇ ಮೆಟ್ಟಿಲಿನ ಗೆರೆ. ಎಂಟನೆಯದನ್ನು ಹೊಳೆ ಈವರೆಗೆ ಮುಟ್ಟಿಲ್ಲ. ಅದನ್ನು ಹೇಳುವಾಗ ನನಗೆ, ಕ್ಲಾಸಿಗೆ ಮೊದಲು ಬಂದ ಹುಡುಗಿಯ ಹೆಸರು ಹೇಳುವಷ್ಟು ಹೆಮ್ಮೆ.

ಆ ಮೆಟ್ಟಿಲುಗಳೇ ಕೊನೆಗೆ ಮುಳುವಾದವು. ಎರಡು ವರ್ಷದ ಹಿಂದೆ ನಮ್ಮವರಿಗೆ ಲಘುವಾಗಿ ಪಾರ್ಶ್ವವಾಯು ಹೊಡೆಯಿತು. ಮಾತಿಗೆ ಏನೂ ಆಗಲಿಲ್ಲ. ತಾಲ್ಲೂಕು ಕಚೇರಿಯ ನೌಕರಿಯಲ್ಲಿ ಬೆಳೆಸಿಕೊಂಡಿದ್ದ ಕುಚೋದ್ಯವೆಲ್ಲ ಹಾಗೇ ಉಳಿಯಿತು. ಎಡಗಾಲು ಮಾತ್ರ ಎಳೆಯತೊಡಗಿತು. ಒಂದು ಬೆಳಿಗ್ಗೆ ಪೇಪರು ತರಲು ಇಳಿಯುತ್ತಿದ್ದವರು ನಾಲ್ಕನೇ ಮೆಟ್ಟಿಲಿನಿಂದ ಉರುಳಿದರು. ನಾನು ಒಳಗೆ ಹಾಲು ಕಾಯಿಸುತ್ತಿದ್ದೆ. ಸದ್ದು ಕೇಳಿ ಓಡಿಬಂದಾಗ ಅವರು ಬೀದಿಯಲ್ಲಿ ಅಂಗಾತ ಮಲಗಿದ್ದರು. ಎದುರು ಮನೆಯವರು, ಹಾಲಿನವನು, ನಿಮಿಷಾಂಬ ಗುಡಿಗೆ ಹೊರಟಿದ್ದ ಯಾರೋ ಗುರುತಿಲ್ಲದ ನಾಲ್ಕು ಜನ ಸೇರಿ ಅವರನ್ನೆತ್ತಿ ಆಟೋದಲ್ಲಿ ಕೂರಿಸಿದರು. ಆ ನಾಲ್ವರ ಮುಖ ನೋಡಿದ ನೆನಪೂ ನನಗಿಲ್ಲ. ಇವತ್ತಿಗೂ ದೀಪ ಹಚ್ಚುವಾಗ ಅವರು ಚೆನ್ನಾಗಿರಲಿ ಎಂದುಕೊಳ್ಳುತ್ತೇನೆ. ಮೂಳೆ ಮುರಿಯಲಿಲ್ಲ. ಆದರೆ ಡಾಕ್ಟರು, "ಇನ್ನೊಂದು ಸಲ ಬಿದ್ದರೆ ಇವರನ್ನು ನಡೆಸೋದು ನನ್ನ ಕೈಲಾಗಲ್ಲ. ಮೆಟ್ಟಿಲಿಲ್ಲದ ಚಿಕ್ಕ ಮನೆ ನೋಡ್ಕೊಳ್ಳಿ" ಎಂದು ಕಡ್ಡಿ ಮುರಿದಂತೆ ಹೇಳಿದರು.

ಚಿಕ್ಕ ಮನೆ ಬೇಗ ಸಿಕ್ಕಿತು. ಪಾಂಡವಪುರದಲ್ಲಿ ನನ್ನ ತಂಗಿಯ ಮನೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಅಂಗಳದಿಂದ ದೇವರ ಗೂಡಿನವರೆಗೆ ಒಂದೇ ಸಮ ನೆಲ. ಅದರ ಯಜಮಾನರು ಯುಗಾದಿಯವರೆಗೆ ಕಾಯುತ್ತೇನೆ ಎಂದರು. ಇದನ್ನು ಮಾರಿದರೆ ಅದು ನಮ್ಮದು; ಇಲ್ಲದಿದ್ದರೆ ಬೇರೆಯವರದು. ಕೆ.ಆರ್. ಪೇಟೆಯಲ್ಲಿರುವ ಮಗಳು ದಿನಾ ಫೋನು ಮಾಡಿ, "ಅಪ್ಪ ಇವತ್ತು ಇಳಿದ್ರಾ?" ಎಂದೇ ಮಾತು ಶುರುಮಾಡುತ್ತಿದ್ದಳು. ನಾನು ಕಂಡಕಂಡವರಿಗೆಲ್ಲ, "ನನಗೇನ್ರೀ, ದಿನಕ್ಕೆ ಹತ್ತು ಸಲ ಹತ್ತಿ ಇಳೀತೀನಿ. ಇವರಿಗೋಸ್ಕರ ಮಾರ್ತಿದ್ದೀವಿ" ಎಂದು ಹೇಳಿಕೊಂಡು ತಿರುಗಿದೆ. ನಮ್ಮವರು ಪಕ್ಕದಲ್ಲಿ ಕೂತು, ಆರೋಪ ಒಪ್ಪಿಕೊಂಡವರ ಹಾಗೆ ತಲೆಯಾಡಿಸುತ್ತಿದ್ದರು.

ಮಾರಾಟಕ್ಕೆ ಗೊತ್ತುಮಾಡಿದ್ದು ಬ್ರೋಕರ್ ನಂಜುಂಡನನ್ನು. ಬಹಳ ಹಿಂದೆ ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡ ಶಿಷ್ಯ. ಮೊದಲು ಅವನು ಮೈಸೂರಿನಿಂದ ಗಂಡ ಹೆಂಡತಿಯನ್ನು ಕರೆತಂದ. ಅವರು ತಾರಸಿ ಹತ್ತಿ ಕರಿಘಟ್ಟ ನೋಡಿ, ಗಾಳಿಗೆ ಮುಖವೊಡ್ಡಿ, "ಎಷ್ಟು ಚೆನ್ನಾಗಿದೆ!" ಎಂದರು. ಇಳಿಯುವಾಗ ಆಕೆ ಗೋಡೆಯ ಗೆರೆಗಳನ್ನು ನೋಡಿ ಏನಿದು ಎಂದು ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟರಾದವರು ಸುಮ್ಮನಿರುವುದುಂಟೇ? ನಾನು ಕೆಳಗಿನ ಗೆರೆಯಿಂದ ಶುರುಮಾಡಿ, ಯಾವ ವರ್ಷ ಎಷ್ಟು ನೀರು, ಎಷ್ಟು ದಿನ ನಿಂತಿತು, ಯಾವ ಸಲ ನೀರಿನ ಜೊತೆ ಹಾವು ಬಂತು ಎಂಬುದನ್ನೆಲ್ಲ ವಿವರಿಸಿದೆ. ಪಾಠ ಚೆನ್ನಾಗಿಯೇ ಆಯಿತು. ಅವರು ಮತ್ತೆ ಬರಲಿಲ್ಲ. ಆಮೇಲೆ ಬಂದ ನಿವೃತ್ತ ಅಧಿಕಾರಿಗಳಿಗೂ ಅದೇ ಪಾಠ, ಅದೇ ಫಲಿತಾಂಶ. ಇನ್ನೊಬ್ಬರು ವಾಸ್ತು ನೋಡುವವರನ್ನೇ ಕರೆತಂದರು. ಆತ ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ ಯಾವ ದೋಷವೂ ಇಲ್ಲ ಎಂದ. ಅವನು ಬಿಟ್ಟ ದೋಷವನ್ನು ನಾನು ತೋರಿಸಿಕೊಟ್ಟೆ.

ನಂಜುಂಡ ಕೈಮುಗಿದು ನಿಂತ. "ಟೀಚರಮ್ಮ, ನಿಮ್ ಕಾಲಿಗ್ ಬೀಳ್ತೀನಿ, ನೀವು ಬಾಯಿ ಬುಡಬ್ಯಾಡಿ ಕಣಮ್ಮ. ಯಾರಾನ ಮನೆ ಮಾರೋವಾಗ ಒಳೆ ಲೆಕ್ಕ ಒಪ್ಪಿಸ್ತಾರಾ? ಮೊದ್ಲು ಆ ಗೆರೆ ಅಳುಸಿ."

"ಅದು ಮೋಸ ಕಣೋ."

"ಸಾರು ಇನ್ನೊಂದ್ ಸಲ ಬಿದ್ರೆ ಅದ್ಯಾವ ನ್ಯಾಯ, ಯೋಳಿ?"

ಯುಗಾದಿಗೆ ಆರೇ ವಾರ ಉಳಿದಿತ್ತು. ಮಾರನೆಯ ದಿನ ಕೆಮ್ಮಣ್ಣು ಕಲಸಿ ಗೋಡೆಗೆ ನಾನೇ ಬಳಿದೆ. ಮಾವನವರ ಗುರುತು, ನನ್ನ ಗೆರೆ, ದುಂಡಗಿನ ಇಸವಿ ಎಲ್ಲ ಅದರಡಿ ಹೋದವು. ನಮ್ಮವರು ಮೇಲೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನನಗೆ ಅಳು ಬಂತು. ಕೆಮ್ಮಣ್ಣಿನ ಧೂಳು ಎಂದು ಸೆರಗಿನಿಂದ ಒರೆಸಿಕೊಂಡೆ.

ಆ ವಾರ ಬಂದವರು ಬಿಂಡಿಗನವಿಲೆ ಕಡೆಯ ಪುಟ್ಟತಾಯಮ್ಮ ಮತ್ತು ಅವರ ಯಜಮಾನರು ಕರಿಗೌಡರು. ಮಳೆ ನಂಬಿ ರಾಗಿ ಬೆಳೆದವರು, ಕುರಿ ಸಾಕಿದವರು. ಮಗಳಿಗೆ ಶ್ರೀರಂಗಪಟ್ಟಣದಲ್ಲಿ ಕೆಲಸವಾಗಿತ್ತು. ರಸ್ತೆಗೆ ಹೋದ ಜಮೀನಿನ ಪರಿಹಾರವೂ ಬಂದಿತ್ತು. ನಂಜುಂಡ ಮೆಟ್ಟಿಲು ಹತ್ತುವ ಮೊದಲೇ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಂಡ. ನಾನು ಅರ್ಧ ಗಂಟೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನನ್ನ ಜೀವಮಾನದಲ್ಲೇ ಅದು ದೊಡ್ಡ ಸಾಧನೆ. ಪುಟ್ಟತಾಯಮ್ಮ ಮನೆಯೆಲ್ಲ ನೋಡಿ, ಅಡುಗೆಮನೆಯ ನಲ್ಲಿ ತಿರುಗಿಸಿ, ನೀರು ಬಂದಕೂಡಲೇ ದಂಡವಾದೀತೆಂದು ನಿಲ್ಲಿಸಿ, ಹೊರಗೆ ಬಂದು ಮೇಲಿನ ಮೆಟ್ಟಿಲ ಮೇಲೆ ಕೂತರು. ನಾನು ಕೊಟ್ಟ ಕುಂಕುಮ ಇಟ್ಟುಕೊಂಡು, ಕೋಸಂಬರಿ ತಿನ್ನುತ್ತ ಕೇಳಿದರು: "ಅಲ್ಲ ಕಣವ್ವ, ಯಾಕಿಷ್ಟೆತ್ರುಕ್ ಕಟ್ಸವ್ರೆ?"

"ಗಾಳಿ ಚೆಂದಾಗಿ ಬರ್ಲಿ ಅಂತ" ಎಂದ ನಂಜುಂಡ, ಕಣ್ಣು ಮಿಟುಕಿಸದೆ.

ಪುಟ್ಟತಾಯಮ್ಮ ಅದನ್ನು ನಂಬಿ "ಊಂ" ಎಂದರು. ಆ "ಊಂ" ನನ್ನನ್ನು ಕೊಂದುಹಾಕಿತು. ಹೇಳಿದ್ದನ್ನೆಲ್ಲ ನಂಬುವ ಮಕ್ಕಳೆದುರು ನಿಂತು ಬದುಕು ಕಳೆದವಳು ನಾನು. ನಮ್ಮವರ ಕಡೆ ನೋಡಿದೆ. ಅವರು ಕೋಲಿನ ಮೇಲೆ ಗಲ್ಲವಿಟ್ಟುಕೊಂಡು, "ಹೇಳು, ಹೇಳು. ನೀನು ತಡೆದುಕೊಳ್ಳೋದು ನೋಡೋಕಾಗಲ್ಲ" ಎಂದರು.

ಹೇಳಿಬಿಟ್ಟೆ. "ಗಾಳಿಗಲ್ಲ ಕಣಮ್ಮ, ಹೊಳೆಗೆ. ಎಲ್ಲ ವರ್ಷವೂ ಅಲ್ಲ, ಆದರೆ ಬರುತ್ತೆ. ಒಂದ್ಸಲ ಏಳನೇ ಮೆಟ್ಟಿಲವರೆಗೂ ಬಂದಿತ್ತು. ಗುರುತು ಇತ್ತು, ನಾನೇ ಬಳಿದು ಮುಚ್ಚಿದೆ." ನಂಜುಂಡ ತಲೆಯ ಮೇಲೆ ಕೈಹೊತ್ತು ಬೀದಿಗಿಳಿದುಹೋದ.

ಪುಟ್ಟತಾಯಮ್ಮ ಎದ್ದರು. ಇವರೂ ಹೊರಟರು ಎಂದುಕೊಂಡೆ. ಅವರು ಬೀದಿಗಿಳಿದು, ಕೆಳಗಿನಿಂದ ಎಣಿಸಿಕೊಂಡು ಹತ್ತಿ, ಏಳನೇ ಮೆಟ್ಟಿಲ ಮುಂದೆ ನಿಂತು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಕಾವೇರವ್ವ ಇಲ್ಲೀಗಂಟ ಬತ್ತಾಳಾ?"

"ಬರುತ್ತಾಳಮ್ಮ."

"ಅಲ್ಲ ಕಣವ್ವ, ಒಂದ್ ಬಿಂದ್ಗೆ ನೀರ್ಗೆ ಕತ್ಲಲ್ಲೆದ್ದು ಮೈಲಿಗಟ್ಲೆ ನಡ್ದಿವ್ನಿ ನಾನು. ಬೋರು ಕೊರುಸ್ದೋ ಕೊರುಸ್ದೋ, ಧೂಳು ಬುಟ್ರೆ ಏನೂ ಬರ್ನಿಲ್ಲ. ಅವ್ವನೇ ನಡ್ಕಂಡು ಬಾಗ್ಲಿಗ್ ಬತ್ತಾಳೆ ಅಂತೀರ. ಇದ್ನ ಯಾಕ್ ಮುಚ್ಚಿಟ್ರಿ?" ಎಂದು ನನ್ನನ್ನೇ ಗದರಿಸಿದರು. ಕರಿಗೌಡರು ಅಷ್ಟು ಹೊತ್ತಿನಲ್ಲಿ ಬಾಯಿ ತೆರೆದದ್ದು ಅದೇ ಮೊದಲು: "ನಮ್ಮೂರಮ್ಮನ್ನ ಒಂದ್ ಮಾತು ಕೇಳ್ಬುಟ್ಟು ಯೋಳ್ತೀವಿ."

ಊರಮ್ಮನನ್ನು ಕೇಳುವುದೆಂದರೆ ಗುಡಿಯಲ್ಲಿ ಹೂ ಕೇಳುವುದು. ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಆಗಬಹುದು, ಎಡಗಡೆ ಬಿದ್ದರೆ ಬೇಡ. ಹೂ ಬೀಳುವುದಕ್ಕೆ ಗುರುತ್ವಾಕರ್ಷಣೆ ಕಾರಣ, ಅದಕ್ಕೆ ಬಲ ಎಡ ಗೊತ್ತಿಲ್ಲ ಎಂದು ಎಂಟನೇ ಕ್ಲಾಸಿಗೆ ಎಷ್ಟೋ ಸಲ ಹೇಳಿದವಳು ನಾನು. ಆ ಮೂರು ದಿನ ಅದೇ ನಾನು ಅನ್ನ ಹೊತ್ತಿಸಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮವರು ಉಂಡು, "ಗುರುತ್ವಾಕರ್ಷಣೆ ಇವತ್ತು ಸ್ವಲ್ಪ ಜಾಸ್ತಿಯಾಗಿದೆ" ಎಂದರು. ನಾಲ್ಕನೇ ದಿನ ನಂಜುಂಡನ ಫೋನು: "ಟೀಚರಮ್ಮ, ಬಲಗಡೆ ಕೊಟ್ಬುಟ್ಲಂತೆ ಕಣಮ್ಮ!" ನಾನು ಫೋನು ಹಿಡಿದುಕೊಂಡೇ ಮೇಲಿನ ಮೆಟ್ಟಿಲ ಮೇಲೆ ಕೂತು ಬಿಂಡಿಗನವಿಲೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಕೈಮುಗಿದೆ. ದಿಕ್ಕು ತಪ್ಪಿತ್ತು ಎಂದು ನಮ್ಮವರು ಆಮೇಲೆ ತಿದ್ದಿದರು.

ಯುಗಾದಿಗೆ ಪಾಂಡವಪುರದ ಮನೆಯಲ್ಲಿ ಬೇವುಬೆಲ್ಲ ತಿಂದೆವು. ಈಗ ನಮ್ಮವರು ಪೇಪರನ್ನು ತಾವೇ ಹೋಗಿ ತರುತ್ತಾರೆ. ಮಗಳ ಫೋನು "ಏನು ಅಡುಗೆ?" ಎಂದು ಶುರುವಾಗುತ್ತದೆ. ಇಷ್ಟು ಸುಖ ನಮಗೆ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ. ಹಳೆಯ ಮನೆಯ ಮೇಲೆ ಮುನಿಸೂ ಇಲ್ಲ. ಮೂರು ತಲೆಮಾರನ್ನು ಒದ್ದೆಯಾಗಿಸದೆ ಕಾಪಾಡಿದ ಮೆಟ್ಟಿಲುಗಳು ಅವು. ಒಬ್ಬರನ್ನು ಒಂದು ಸಲ ಬೀಳಿಸಿದರೆ ಅದನ್ನೇ ಹಿಡಿದುಕೊಂಡು ಕೂರುವುದು ಉಪಕಾರಗೇಡಿತನ.

ಮೊನ್ನೆ ಶ್ರಾವಣದಲ್ಲಿ ಪುಟ್ಟತಾಯಮ್ಮನ ಫೋನು ಬಂತು. "ಟೀಚರಮ್ಮ, ಅವ್ವ ಬಂದಿದ್ಲು! ಮೂರ್ನೇ ಮೆಟ್ಲು! ಬಾಗಿಲಲ್ಲೇ ಬಾಗಿನ ಕೊಟ್ಟು ಕಳ್ಸಿವ್ನಿ. ನೀರು ಇಳ್ದದೆ, ಇಬ್ರೂ ಬನ್ನಿ. ಗೆರೆ ನೀವೇ ಎಳೀಬೇಕು, ನಂಗ್ ಇಸ್ವಿ ಬರ್ಯಕ್ ಬರಾಕಿಲ್ಲ."

ಸ್ಕೇಲು, ಬ್ರಷ್ಷು ತೆಗೆದುಕೊಂಡು ಹೋದೆವು. ಗೋಡೆಯ ಮೇಲಿನ ಕೆಮ್ಮಣ್ಣನ್ನೆಲ್ಲ ತೆಂಗಿನ ನಾರಿನಲ್ಲಿ ಉಜ್ಜಿ ತೆಗೆದಿದ್ದರು. ಹಳೆಯ ಗೆರೆಗಳೆಲ್ಲ ಮತ್ತೆ ಬೆಳ್ಳಗೆ ಕಾಣುತ್ತಿದ್ದವು, ಪ್ರತಿಯೊಂದಕ್ಕೂ ಒಂದು ಕುಂಕುಮದ ಬೊಟ್ಟು. ಮೂರನೇ ಮೆಟ್ಟಿಲಿಗೆ ಈ ವರ್ಷದ ಗೆರೆ ಎಳೆದು ಇಸವಿ ಬರೆದೆ. ಪುಟ್ಟತಾಯಮ್ಮ ನಮ್ಮವರಿಗೆ ಕೆಳಗೇ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟು, ನನ್ನನ್ನು, "ಒಳೀಕ್ ಬಾರವ್ವ, ರೊಟ್ಟಿ ತಟ್ಟಿವ್ನಿ" ಎಂದು ಕರೆದರು. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದವಳಲ್ಲವೇ, ಸೆರಗು ಸಿಕ್ಕಿಸಿ ಹೊರಟೆ. ನಾಲ್ಕರಲ್ಲಿ ಮಂಡಿ ಒಂದು ಮಾತು ಹೇಳಿತು. ಐದರಲ್ಲಿ ಇನ್ನೊಂದು. ಆರನೆಯದರಲ್ಲಿ ನಾನು ಗೋಡೆ ಹಿಡಿದು ಕೂತುಬಿಟ್ಟೆ.

ಕೆಳಗಿನಿಂದ ನಮ್ಮವರು ಮಜ್ಜಿಗೆಯ ಲೋಟ ಇಳಿಸಿ, ಕೋಲಿನಿಂದ ಗೋಡೆ ತೋರಿಸಿದರು. "ಪುಟ್ಟತಾಯಮ್ಮ, ಪೇಂಟು ಇನ್ನೂ ಒಣಗಿಲ್ಲ ತಾನೇ? ಅಲ್ಲೊಂದು ಗೆರೆ ಆಗಬೇಕು. ಈ ವರ್ಷ ಟೀಚರಮ್ಮ ಅಲ್ಲಿಯವರೆಗೆ ಬಂದಿದ್ದರು."

ಇವರಿಗೋಸ್ಕರ ಮನೆ ಮಾರಿದೆ ಎಂದು ಊರಿಗೆಲ್ಲ ಸಾರಿದವಳು ಏನು ತಾನೇ ಹೇಳಲಿ? ನಿಜವನ್ನು ಬಳಿದು ಮುಚ್ಚುವುದು ಒಂದು ಸಲಕ್ಕೇ ಸಾಕಾಗಿತ್ತು. ಬ್ರಷ್ಷು ತರಿಸಿಕೊಂಡು, ಕೂತಲ್ಲಿಂದಲೇ ಸ್ಕೇಲು ಇಟ್ಟು, ಆರನೇ ಮೆಟ್ಟಿಲಿನ ಗೆರೆಯನ್ನು ನಾನೇ ಎಳೆದೆ.